ತೂಕ, ಗಾಳಿ, ನೀರು ಇಲ್ಲದ ಕ್ವಾರಿ

ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಇಳಿಯುವ ರಸ್ತೆಯಲ್ಲಿ ಕರ್ನಾಟಕ ಮುಗಿಯುವ ಜಾಗ ಪಾಲಾರ್. ಹನೂರು ತಾಲ್ಲೂಕಿನ ಈ ಗಡಿ ಊರಿನ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 1993ರ ಏಪ್ರಿಲ್‌ನಲ್ಲಿ, ವೀರಪ್ಪನ್ ತಂಡದ ನೆಲಬಾಂಬಿನಿಂದ. ಆ ಕಥೆಯನ್ನು ಬಲ್ಲವರು ಬಹಳ ಮಂದಿ. ಅದೇ ರಸ್ತೆ ಎರಡು ಬಗೆಯ ಕಲ್ಲುಗಳ ನಡುವೆ ಹಾದುಹೋಗುತ್ತದೆ ಎಂಬುದನ್ನು ಗಮನಿಸಿದವರು ಕಡಿಮೆ. ಪಾಲಾರಿನಿಂದ ಹಿಂದಕ್ಕೆ ಹೋದರೆ ಹನೂರು, ಕೊಳ್ಳೇಗಾಲ, ಯಳಂದೂರು. ಚಾಮರಾಜನಗರ ಜಿಲ್ಲೆಯ ಹೆಸರಾಂತ ಕರಿಕಲ್ಲಿನ ಸೀಮೆ. ಮುಂದಕ್ಕೆ ಹೋದರೆ ಮೆಟ್ಟೂರು, ಸೇಲಂ, ಅದರಾಚೆ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿ. ಅಲ್ಲಿನ ಬಿಳಿಚು ಬಣ್ಣದ ಕಲ್ಲನ್ನು ಅರೆದು ಇಸ್ರೋ ವಿಜ್ಞಾನಿಗಳು ಚಂದ್ರನ ಮಣ್ಣು ತಯಾರಿಸಿದರು. ಮುಂದೊಂದು ದಿನ ಚಂದ್ರನ ಮೇಲೆ ಅಗೆಯಬೇಕಾದವರು ಇಂದು ಭೂಮಿಯ ಮೇಲೆ ಕೈ ಪಳಗಿಸಿಕೊಳ್ಳುವುದು ಇಂಥ ಮಣ್ಣಿನಲ್ಲಿ.

ಬಾಹ್ಯಾಕಾಶದ ಗಣಿಗಾರಿಕೆ ಎಂದೊಡನೆ ಚಿನ್ನ, ಪ್ಲಾಟಿನಂ ಹೊತ್ತು ಮರಳುವ ರಾಕೆಟ್ಟು ಕಣ್ಣಿಗೆ ಬರುತ್ತದೆ. ಆದರೆ ಈ ಕೆಲಸದಲ್ಲಿ ತೊಡಗಿರುವವರ ಪಟ್ಟಿಯಲ್ಲಿ ಮೊದಲು ಇರುವುದು ನೀರು, ಆಮ್ಲಜನಕ ಮತ್ತು ಇಟ್ಟಿಗೆ. ಭೂಮಿಯಿಂದ ಒಂದು ಪೌಂಡ್ ಸಾಮಾನನ್ನು ಬಾಹ್ಯಾಕಾಶಕ್ಕೆ ಒಯ್ಯಲು ಸುಮಾರು 7.5 ಲಕ್ಷ ರೂಪಾಯಿ ತಗಲುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2020ರಲ್ಲಿ ಲೆಕ್ಕ ಕೊಟ್ಟಿತ್ತು. ಪೌಂಡ್ ಎಂದರೆ ಅರ್ಧ ಕೆಜಿಗೂ ಕಡಿಮೆ. ಆದ್ದರಿಂದ ಅಲ್ಲಿ ಬೇಕಾದದ್ದನ್ನು ಅಲ್ಲೇ ತೆಗೆಯುವುದು ಲೇಸು. ಚಂದ್ರನಲ್ಲಿ ನೀರಿನ ಅಂಶವಿದೆ ಎಂದು ನಮ್ಮ ಚಂದ್ರಯಾನ-1ರ ಮಾಹಿತಿ 2009ರಲ್ಲಿ ತೋರಿಸಿಕೊಟ್ಟಿತು. ಅದೇ ವರ್ಷ ನಾಸಾ ದಕ್ಷಿಣ ಧ್ರುವದ ಬಳಿಯ ಕತ್ತಲ ಕುಳಿಯೊಂದಕ್ಕೆ ರಾಕೆಟ್ಟಿನ ತುಣುಕನ್ನು ಅಪ್ಪಳಿಸಿದಾಗ ಎದ್ದ ಧೂಳಿನಲ್ಲೂ ನೀರು ಸಿಕ್ಕಿತು. ಇನ್ನು ಆಮ್ಲಜನಕ: ಚಂದ್ರನ ಮಣ್ಣಿನ ತೂಕದಲ್ಲಿ ಶೇ. 40ಕ್ಕೂ ಹೆಚ್ಚು ಪಾಲು ಅದೇ, ಆದರೆ ಖನಿಜಗಳೊಳಗೆ ಕಟ್ಟುಬಿದ್ದಿದೆ.

ಇದೆ ಎಂದು ಗೊತ್ತಾಯಿತು, ತೆಗೆಯುವುದು ಹೇಗೆ? ಈ ಪ್ರಶ್ನೆಯ ತೂಕ ತಿಳಿಯಬೇಕಾದರೆ ಮೊದಲು ನಮ್ಮ ಕರಿಕಲ್ಲಿನ ಕ್ವಾರಿಯ ಕೆಲಸವನ್ನು ನಿಧಾನವಾಗಿ ನೋಡಬೇಕು.

ವ್ಯಾಪಾರದಲ್ಲಿ ಬ್ಲ್ಯಾಕ್ ಗ್ರಾನೈಟ್ ಎನ್ನುವ ಕರಿಕಲ್ಲು ಭೂವಿಜ್ಞಾನಿಗಳ ಲೆಕ್ಕದಲ್ಲಿ ಗ್ರಾನೈಟ್ ಅಲ್ಲವೇ ಅಲ್ಲ, ಡಾಲರೈಟ್. ಕೋಟ್ಯಂತರ ವರ್ಷಗಳ ಹಿಂದೆ ಕರಗಿದ ಶಿಲೆ ಹಳೆಯ ಬಂಡೆಗಳ ಬಿರುಕಿನೊಳಗೆ ನುಗ್ಗಿ, ಅಲ್ಲೇ ಆರಿ, ಗೋಡೆಯ ಆಕಾರದಲ್ಲಿ ನಿಂತಿದೆ. ಇಂಥ ಗೋಡೆಗೆ ಡೈಕ್ ಎಂದು ಹೆಸರು. ಡೈಕ್ ಉದ್ದಕ್ಕೆ ಹರಿದಿದ್ದರೂ ಅಗಲದಲ್ಲಿ ಕಿರಿದು. ಹಾಗಾಗಿ ಕ್ವಾರಿಯೂ ಒಂದೇ ಗೆರೆ ಹಿಡಿದು ಆಳಕ್ಕೆ ಇಳಿಯುತ್ತದೆ. ಇದರಲ್ಲಿರುವ ಮುಖ್ಯ ಖನಿಜಗಳು ಎರಡು: ಪ್ಲೇಜಿಯೋಕ್ಲೇಸ್ ಮತ್ತು ಪೈರಾಕ್ಸಿನ್. ಹುಣ್ಣಿಮೆಯ ಚಂದ್ರನಲ್ಲಿ ನಾವು ಮೊಲ ಎಂದು ಮಕ್ಕಳಿಗೆ ತೋರಿಸುವ ಕಪ್ಪು ಕಲೆಗಳಿರುತ್ತವಲ್ಲ, ಆ ಬಯಲುಗಳ ಶಿಲೆಯಲ್ಲೂ ಮುಖ್ಯವಾಗಿರುವುದು ಈ ಎರಡೇ.

ಮೊದಲು ಹಿಟಾಚಿ ಮೇಲ್ಮಣ್ಣನ್ನೂ ಕೊಳೆತ ಕಲ್ಲನ್ನೂ ಸರಿಸುತ್ತದೆ. ಗಟ್ಟಿ ಕಲ್ಲು ಕಂಡ ಮೇಲೆ ಮೇಸ್ತ್ರಿಯ ಕೆಲಸ ಶುರು. ಕಲ್ಲಿನಲ್ಲಿ ಕೂದಲೆಳೆಯಂಥ ಬಿರುಕು ಎಲ್ಲಿದೆ, ಯಾವ ದಿಕ್ಕಿಗೆ ಅದು ಸಲೀಸಾಗಿ ಸೀಳುತ್ತದೆ ಎಂಬುದನ್ನು ಆತ ನೋಡಿ, ನೀರು ಎರಚಿ, ಸುತ್ತಿಗೆಯಿಂದ ತಟ್ಟಿ ಕೇಳಿ ನಿರ್ಧರಿಸುತ್ತಾನೆ. ಗಟ್ಟಿ ಕಲ್ಲು ಗಣಗಣ ಎನ್ನುತ್ತದೆ, ಒಡಕಲು ಮಂಕಾಗಿ ಸದ್ದು ಮಾಡುತ್ತದೆ. ಒಂದು ಬಿರುಕು ಕಣ್ತಪ್ಪಿದರೆ ಸ್ಮಾರಕದ ಫಲಕವಾಗಬೇಕಾದ ಕಲ್ಲು ಜಲ್ಲಿಯಾಗುತ್ತದೆ.

ಆಮೇಲೆ ಮೇಲಿನಿಂದ ಕೆಳಕ್ಕೊಂದು, ಮಗ್ಗುಲಿನಿಂದ ಒಳಕ್ಕೊಂದು ತೂತು ಕೊರೆಯುತ್ತಾರೆ. ಇವೆರಡೂ ಕಲ್ಲಿನ ಹೊಟ್ಟೆಯೊಳಗೆ ಒಂದೇ ಬಿಂದುವಿನಲ್ಲಿ ಕೂಡಬೇಕು. ಕಣ್ಣಿಗೆ ಕಾಣದ ಜಾಗದಲ್ಲಿ ಎರಡು ತೂತುಗಳನ್ನು ಸಂಧಿಸುವುದು ಕ್ವಾರಿಯ ನಾಜೂಕಿನ ಕೆಲಸಗಳಲ್ಲೊಂದು. ಅವುಗಳ ಮೂಲಕ ಡೈಮಂಡ್ ವೈರ್ ಪೋಣಿಸುತ್ತಾರೆ. ಇದು ಉಕ್ಕಿನ ಹಗ್ಗ. ಮೈ ತುಂಬ ವಜ್ರದ ಪುಡಿ ಬೆಸೆದ ಮಣಿಗಳು. ಹಗ್ಗದ ಎರಡು ತುದಿಗಳನ್ನು ಸೇರಿಸಿ ಯಂತ್ರದ ಚಕ್ರಕ್ಕೆ ಹಾಕಿದರೆ ಅದು ಸುತ್ತುತ್ತಾ ಕಲ್ಲನ್ನು ಸವೆಸುತ್ತದೆ. ಕೊಯ್ತ ಮುಂದುವರಿದಂತೆ ಯಂತ್ರ ಹಳಿಗಳ ಮೇಲೆ ಹಿಂದಕ್ಕೆ ಸರಿದು ಹಗ್ಗದ ಬಿಗಿಯನ್ನು ಕಾಯುತ್ತದೆ. ಅಷ್ಟೂ ಹೊತ್ತು ಪೈಪಿನಲ್ಲಿ ನೀರು ಬಿಡುತ್ತಲೇ ಇರಬೇಕು. ನೀರು ಹಗ್ಗವನ್ನು ತಣ್ಣಗಿಡುತ್ತದೆ, ಕಲ್ಲಿನ ಹಿಟ್ಟನ್ನು ತೊಳೆದು ಹೊರಹಾಕುತ್ತದೆ, ಧೂಳನ್ನು ಅಡಗಿಸುತ್ತದೆ. ಬಿಡಿಸಿದ ದಿಮ್ಮಿಯನ್ನು ಸಣ್ಣದು ಮಾಡಲು ಸಾಲಾಗಿ ಕುಳಿ ಹೊಡೆದು ಬೆಣೆ ಇಡುತ್ತಾರೆ. ಒಂದೇ ಬೆಣೆಗೆ ಜೋರು ಪೆಟ್ಟು ಕೊಡುವಂತಿಲ್ಲ. ಒಂದಾದ ಮೇಲೊಂದಕ್ಕೆ ಸಮನಾಗಿ ಹೊಡೆಯುತ್ತಾ ಹೋದಂತೆ ಸದ್ದು ಏರುತ್ತದೆ. ಸದ್ದು ಬದಲಾದಾಗ ಕೈ ತಡೆದು ಕಾಯುತ್ತಾರೆ. ಕಲ್ಲು ತಾನಾಗಿ ಗೆರೆ ಬಿಡುತ್ತದೆ.

ಈ ಕೆಲಸದಲ್ಲಿ ಸಂಬಳವಿಲ್ಲದೆ ದುಡಿಯುವವರು ಮೂವರಿದ್ದಾರೆ: ತೂಕ, ಗಾಳಿ, ನೀರು. ಹಿಟಾಚಿ ನೆಲ ಬಗೆಯುವುದು ತನ್ನ ಭಾರದ ಬಲದಿಂದ. ಜಾಕ್ ಹ್ಯಾಮರ್ ಕುಣಿಯುವುದು ಕಂಪ್ರೆಸರ್ ಅದುಮಿದ ಗಾಳಿಯಿಂದ. ಕೊರೆದ ತೂತಿನ ಪುಡಿಯನ್ನು ಹೊರಕ್ಕೆ ಊದುವುದೂ ಅದೇ ಗಾಳಿ. ನೀರಿನ ಕೆಲಸ ಮೇಲೆ ಹೇಳಿದ್ದೇನೆ. ಚಂದ್ರನಲ್ಲಿ ಮೊದಲನೆಯದು ಆರರಲ್ಲಿ ಒಂದು ಪಾಲು ಮಾತ್ರ, ಎರಡನೆಯದು ಇಲ್ಲ, ಮೂರನೆಯದನ್ನೇ ಹುಡುಕಿಕೊಂಡು ಹೋಗಿರುವುದು.

ತೂಕದಿಂದ ಶುರು ಮಾಡೋಣ. ಯಂತ್ರವೊಂದು ನೆಲವನ್ನು ಎಷ್ಟು ಬಲದಿಂದ ಒತ್ತುತ್ತದೋ ಅಷ್ಟೇ ಬಲದಿಂದ ನೆಲ ಅದನ್ನು ಮೇಲಕ್ಕೆ ತಳ್ಳುತ್ತದೆ. ಭೂಮಿಯಲ್ಲಿ ಯಂತ್ರದ ಭಾರ ಆ ತಳ್ಳಾಟವನ್ನು ನುಂಗಿಕೊಳ್ಳುತ್ತದೆ. ಚಂದ್ರನಲ್ಲಿ ಹಗುರಾದ ಯಂತ್ರ ಬಕೆಟ್ಟನ್ನು ಊರಿದರೆ ಮಣ್ಣು ಕೀಳುವ ಬದಲು ತಾನೇ ಎದ್ದುಬಿಡುತ್ತದೆ. ಭಾರದ ಯಂತ್ರ ಕಳಿಸೋಣವೆಂದರೆ ಪೌಂಡಿಗೆ ಏಳೂವರೆ ಲಕ್ಷ. ನಾಸಾದ ಎಂಜಿನಿಯರುಗಳು ಇದಕ್ಕೆ ಕಂಡುಕೊಂಡ ದಾರಿ ಚೆಂದವಾಗಿದೆ. ಅವರ ರಾಸರ್ ಎಂಬ ಅಗೆಯುವ ರೋಬಾಟಿಗೆ ಹಿಂದೊಂದು ಮುಂದೊಂದು ಉರುಳೆ, ಉರುಳೆಯ ಮೈಮೇಲೆ ಸಣ್ಣ ಸಣ್ಣ ಬಕೆಟ್ಟುಗಳು. ಎರಡೂ ಉರುಳೆಗಳು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ತಿರುಗುತ್ತವೆ. ಒಂದು ಎಳೆಯುವುದನ್ನು ಇನ್ನೊಂದು ತಡೆಯುತ್ತದೆ. ಯಂತ್ರ ನಿಂತ ಜಾಗದಲ್ಲೇ ಮಣ್ಣು ಕೆರೆಯುತ್ತದೆ.

ಮಣ್ಣಾದರೂ ಮೆತ್ತಗಿದೆಯೇ? ಮೇಲಿನ ಕೆಲವು ಅಂಗುಲ ಮಾತ್ರ ಸಡಿಲ. ಕೋಟಿ ಕೋಟಿ ವರ್ಷಗಳಿಂದ ಉಲ್ಕೆಗಳ ಪೆಟ್ಟಿಗೆ ನೆಲ ಅದುರಿ ಅದುರಿ, ಸೇರಿಗೆ ತುಂಬಿ ಕುಲುಕಿದ ಕಾಳಿನ ಹಾಗೆ ಕಣಗಳು ಒಂದರ ಸಂದಿನಲ್ಲಿ ಇನ್ನೊಂದು ಕೂತುಬಿಟ್ಟಿವೆ. ಒಂದಡಿ ಕೆಳಗೆ ಮಣ್ಣು ಇನ್ನು ಅದುಮಲು ಬಾರದಷ್ಟು ಬಿಗಿ. 1971ರಲ್ಲಿ ಅಪೊಲೊ-15ರ ಡೇವಿಡ್ ಸ್ಕಾಟ್ ಬ್ಯಾಟರಿಯ ಡ್ರಿಲ್ ಹಿಡಿದು ಎರಡೂವರೆ ಮೀಟರಿನ ಹತ್ತಿರ ಕೊರೆದರು. ಕೊಳವೆ ಅಲ್ಲೇ ಕಚ್ಚಿಕೊಂಡಿತು. ಕಡೆಗೆ ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ ಇಬ್ಬರೂ ಹೆಗಲು ಕೊಟ್ಟು ಮೇಲೆತ್ತಬೇಕಾಯಿತು. ಮಂಗಳನಲ್ಲಿ ತೊಡಕು ಇದಕ್ಕೆ ತದ್ವಿರುದ್ಧ. ಇನ್‌ಸೈಟ್ ನೌಕೆ ಒಯ್ದ, ತನ್ನನ್ನು ತಾನೇ ಬಡಿದುಕೊಂಡು ಒಳಗಿಳಿಯಬೇಕಿದ್ದ ಮೊಳೆಯಂಥ ಉಪಕರಣಕ್ಕೆ ಐದು ಮೀಟರ್ ಇಳಿಯುವ ಗುರಿ ಇತ್ತು. ಪ್ರತಿ ಪೆಟ್ಟಿಗೂ ಅದು ಹಿಂದಕ್ಕೆ ಪುಟಿಯದಂತೆ ಸುತ್ತಲ ಮಣ್ಣು ಹಿಡಿದುಕೊಳ್ಳಬೇಕಿತ್ತು, ಮಣ್ಣು ಹಿಡಿಯಲಿಲ್ಲ. ಸುಮಾರು ಎರಡು ವರ್ಷ ಹೆಣಗಿ 2021ರ ಜನವರಿಯಲ್ಲಿ ಕೈಬಿಟ್ಟಾಗ ಅದರ ನೆತ್ತಿ ನೆಲದಿಂದ ಎರಡು ಮೂರು ಸೆಂಟಿಮೀಟರ್ ಮಾತ್ರ ಕೆಳಗಿತ್ತು.

ಈ ಹಿನ್ನೆಲೆಯಲ್ಲಿ ಚಂದ್ರಯಾನ-3ರ ಒಂದು ಸಣ್ಣ ಸಾಧನೆಯನ್ನು ನೋಡಬೇಕು. 2023ರ ಆಗಸ್ಟ್ 23ರಂದು ಇಳಿದ ವಿಕ್ರಮ್ ಲ್ಯಾಂಡರಿನಲ್ಲಿ ಚೇಸ್ಟ್ ಎಂಬ ತಾಪಮಾಪಕ ಕಡ್ಡಿ ಇತ್ತು. ಬಡಿದು ತೂರಿಸುವ ಬದಲು ಮೋಟಾರು ತಿರುಗಿಸಿ ನಿಧಾನವಾಗಿ ಅದನ್ನು ಒಳಗೆ ಒತ್ತಿದರು. ಇಳಿದದ್ದು ಹತ್ತು ಸೆಂಟಿಮೀಟರ್, ಹೆಬ್ಬೆರಳು ಕಿರುಬೆರಳು ಚಾಚಿದ ಗೇಣಿಗಿಂತ ಕಡಿಮೆ. ಆದರೆ ಇಳಿಯಿತು, ಅಳೆಯಿತು. ಮೇಲ್ಮೈಯಲ್ಲಿ 50 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ. ಎಂಟು ಸೆಂಟಿಮೀಟರ್ ಕೆಳಗೆ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗೆ. ಅಷ್ಟು ತೆಳುವಾದ ಮಣ್ಣಿನ ಪದರ ಅಷ್ಟೊಂದು ಶಾಖವನ್ನು ತಡೆದು ನಿಲ್ಲಿಸುತ್ತದೆ.

ಗಾಳಿ ಇಲ್ಲದ್ದರ ತೊಂದರೆ ಉಸಿರಾಟಕ್ಕೆ ಮಾತ್ರ ಸೀಮಿತವಲ್ಲ. ಕೊರೆಯುವ ಬಿಟ್ಟು ಕಾದರೆ ಆ ಕಾವನ್ನು ಒಯ್ಯುವವರಿಲ್ಲ. ಸಾಮಾನ್ಯ ಗ್ರೀಸು ನಿರ್ವಾತದಲ್ಲಿ ಆವಿಯಾಗುತ್ತದೆ. ಮಂಜುಗಡ್ಡೆ ಬೆರೆತ ಮಣ್ಣನ್ನು ಕೊರೆಯುವಾಗ ಸ್ವಲ್ಪ ಬಿಸಿಯಾದರೂ ಮಂಜು ನೀರಾಗದೆ ನೇರವಾಗಿ ಆವಿಯಾಗಿ ಹಾರಿಹೋಗುತ್ತದೆ. ಗಣಿಗಾರನ ಕಣ್ಣೆದುರೇ ಗಣಿಯ ಮಾಲು ಮಾಯ! ಆದ್ದರಿಂದ ಕೊರೆಯುವುದು, ಮುಚ್ಚಿಡುವುದು, ಆವಿಯನ್ನು ಹಿಡಿದು ಮತ್ತೆ ಗಟ್ಟಿಮಾಡುವುದು ಮೂರೂ ಒಂದೇ ಯಂತ್ರದೊಳಗೆ ನಡೆಯಬೇಕು. ಅದೂ ಎಂದೂ ಬಿಸಿಲು ಬೀಳದ ಕುಳಿಗಳಲ್ಲಿ, ಸೌರಫಲಕಕ್ಕೆ ಬೆಳಕೇ ಸಿಗದ ಕಡೆ. ಉಳಿದ ಕಡೆಯೂ ಹದಿನಾಲ್ಕು ದಿನ ಹಗಲು, ಹದಿನಾಲ್ಕು ದಿನ ರಾತ್ರಿ. ವಿಕ್ರಮ್ ಮತ್ತು ಅದು ಇಳಿಸಿದ ಪ್ರಜ್ಞಾನ್ ರೋವರ್ ಆ ಮೊದಲ ರಾತ್ರಿಯ ಚಳಿಯ ನಂತರ ಏಳಲಿಲ್ಲ.

ಧೂಳಿನದು ಬೇರೆಯೇ ಕಾಟ. ನಮ್ಮ ಹೊಳೆಮರಳಿನ ಕಣ ಉರುಳಿ ಉರುಳಿ ಮೂಲೆ ಕಳೆದುಕೊಂಡಿರುತ್ತದೆ. ಚಂದ್ರನಲ್ಲಿ ಗಾಳಿ, ಹರಿಯುವ ನೀರು ಇಲ್ಲದ್ದರಿಂದ ಮುರಿದ ಕಣ ಮುರಿದಂತೆಯೇ ಚೂಪಾಗಿ ಉಳಿದಿದೆ. ಬಿಸಿಲಿನ ವಿಕಿರಣದಿಂದ ವಿದ್ಯುದಂಶ ಪಡೆದು ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಅಪೊಲೊ ಯಾತ್ರಿಗಳ ಉಡುಪಿನ ಕೀಲುಗಳನ್ನು ಅದು ಸವೆಸಿತು. ಅಪೊಲೊ-17ರಲ್ಲಿ ಹೋದ ಭೂವಿಜ್ಞಾನಿ ಹ್ಯಾರಿಸನ್ ಸ್ಮಿಟ್‌ಗೆ ಆ ಧೂಳಿನಿಂದ ಮೂಗು ಕಟ್ಟಿತ್ತು.

ಇಂಥ ಮಣ್ಣಿನಲ್ಲಿ ಓಡಬೇಕಾದ ಚಕ್ರವನ್ನು, ಊರಬೇಕಾದ ಕಾಲನ್ನು ಬೆಂಗಳೂರಿನಲ್ಲಿ ಕೂತು ಪರೀಕ್ಷಿಸುವುದು ಹೇಗೆ? ಅದಕ್ಕೆ ಮಣ್ಣೇ ಬೇಕು. ಚಂದ್ರಯಾನ-2ರ ತಯಾರಿಯಲ್ಲಿ ಇಸ್ರೋಗೆ 60ರಿಂದ 70 ಟನ್ ಬೇಕಾಗಿತ್ತು. ಅಮೆರಿಕದಲ್ಲಿ ಸಿಗುವ ಕೃತಕ ಚಂದ್ರಮಣ್ಣಿನ ಬೆಲೆ ಕೆಜಿಗೆ ಸುಮಾರು 150 ಡಾಲರ್ ಇತ್ತು ಎಂದು ಆಗ ಬೆಂಗಳೂರಿನ ಉಪಗ್ರಹ ಕೇಂದ್ರದ ನಿರ್ದೇಶಕರಾಗಿದ್ದ ಎಂ. ಅಣ್ಣಾದುರೈ ಮುಂದೆ ಹೇಳಿದ್ದಾರೆ. ಹಣ ಕೊಟ್ಟರೂ ಇನ್ನೊಂದು ಕೊರತೆ. ಅಲ್ಲಿನ ಪ್ರಸಿದ್ಧ ಕೃತಕ ಮಣ್ಣು ಜೆಎಸ್‌ಸಿ-1 ಅರಿಜೋನದ ಜ್ವಾಲಾಮುಖಿ ಬೂದಿಯಿಂದ ಮಾಡಿದ್ದು. ಚಂದ್ರನ ಕಪ್ಪು ಬಯಲಿಗೆ ಹೊಂದುವಂಥದ್ದು. ನಮ್ಮ ನೌಕೆ ಹೊರಟದ್ದು ದಕ್ಷಿಣದ ಬಿಳಿ ಎತ್ತರದ ನಾಡಿಗೆ.

ಚಂದ್ರ ಹುಟ್ಟಿದ ಹೊಸತರಲ್ಲಿ ಅದರ ಮೈಯೆಲ್ಲ ಕರಗಿದ ಶಿಲೆಯ ಕಡಲಾಗಿತ್ತು ಎಂಬುದು ವಿಜ್ಞಾನಿಗಳ ನಂಬಿಕೆ. ಹಗುರಾದ ಪ್ಲೇಜಿಯೋಕ್ಲೇಸ್ ಹರಳುಗಳು ತೇಲಿ ಮೇಲೆ ಬಂದು ಬಿಳಿಯ ತೊಗಟೆಯಾದವು. ಆ ಶಿಲೆಯ ಹೆಸರು ಅನಾರ್ತೊಸೈಟ್. ಭೂಮಿಯಲ್ಲಿ ಅನಾರ್ತೊಸೈಟ್ ಇದೆ, ಆದರೆ ಚಂದ್ರನದರಂತೆ ಕ್ಯಾಲ್ಸಿಯಂ ಹೇರಳವಾಗಿರುವುದು ಅಪರೂಪ. ಸುಮಾರು 250 ಕೋಟಿ ವರ್ಷ ಹಳೆಯದಾದ ಸಿತ್ತಂಪೂಂಡಿಯ ಕಲ್ಲು ಆ ಅಪರೂಪದ ಗುಂಪಿನದು. ಅದನ್ನು ಆರಿಸಿದ ತಂಡದಲ್ಲಿ ಇಸ್ರೋ ಜೊತೆಗೆ ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯ ಮತ್ತು ತಿರುಚಿರಾಪಳ್ಳಿಯ ಎನ್‌ಐಟಿ ಇದ್ದವು.

ತಯಾರಿಕೆಯ ಹಂತಗಳು ಕೇಳಲು ಸರಳ. ಕಲ್ಲನ್ನು ಸೇಲಂನ ಕ್ರಷರುಗಳಲ್ಲಿ ಜಜ್ಜಬೇಕು, ಅರೆಯಬೇಕು, ಜರಡಿ ಹಿಡಿಯಬೇಕು, ಬೆರೆಸಬೇಕು. ಕಷ್ಟವಿರುವುದು ಬೆರಕೆಯಲ್ಲಿ. ಚಂದ್ರನ ಮಣ್ಣಿನಲ್ಲಿ ಹರಳಿನಷ್ಟು ದಪ್ಪದ ಚೂರಿನಿಂದ ಹಿಡಿದು ಹೊಗೆಯಂಥ ಪುಡಿಯವರೆಗೆ ಎಲ್ಲ ಗಾತ್ರದ ಕಣಗಳಿವೆ, ಒಂದೊಂದು ಗಾತ್ರಕ್ಕೂ ಒಂದೊಂದು ಪಾಲು. ಅಪೊಲೊ ತಂದ ಮಣ್ಣಿನಿಂದ ಆ ಪಾಲುಗಳು ತಿಳಿದಿವೆ. ಅರೆದದ್ದನ್ನು ಗಾತ್ರವಾರು ಬೇರ್ಪಡಿಸಿ, ಆ ಲೆಕ್ಕದಂತೆ ಮತ್ತೆ ಕೂಡಿಸಬೇಕು. ಸಣ್ಣ ಕಣ ಹೆಚ್ಚಾದರೆ ಚಕ್ರ ಹೂಳುತ್ತದೆ, ದಪ್ಪ ಕಣ ಹೆಚ್ಚಾದರೆ ಸುಳ್ಳು ಹಿಡಿತ ಸಿಗುತ್ತದೆ. ಕಣಗಳ ಮೂಲೆಗಳೂ ಚೂಪಾಗಿಯೇ ಇರಬೇಕು. ಕೂಡಿಸಿದ ಮೇಲೆ ರಾಸಾಯನಿಕ ಪರೀಕ್ಷೆ, ಖನಿಜ ಪರೀಕ್ಷೆ. ರಾಶಿ ಹಾಕಿದಾಗ ಎಷ್ಟು ಕೋನದಲ್ಲಿ ಕುಸಿಯುತ್ತದೆ, ಒತ್ತಿದರೆ ಎಷ್ಟು ಅಂಟಿಕೊಳ್ಳುತ್ತದೆ ಎಂಬ ಪರೀಕ್ಷೆ. ಇವೆಲ್ಲ ದಾಟಿದ ಮಣ್ಣಿಗೆ ಎಲ್‌ಎಸ್‌ಎಸ್-ಐಸ್ಯಾಕ್-1 ಎಂದು ಹೆಸರಿಟ್ಟರು. ಹೆಸರಿನಲ್ಲಿ ರಸವಿಲ್ಲ, ಕೆಲಸದಲ್ಲಿದೆ. ಇದರ ತಯಾರಿಕಾ ವಿಧಾನಕ್ಕೆ 2020ರ ಮೇ ತಿಂಗಳಲ್ಲಿ ಭಾರತದ ಪೇಟೆಂಟ್ ದೊರೆಯಿತು. ಅಣ್ಣಾದುರೈ ಅವರ ಪ್ರಕಾರ ಇಡೀ ಕೆಲಸಕ್ಕೆ ಮೊದಲು ಅಂದಾಜಿಸಿದ್ದು 25 ಕೋಟಿ ರೂಪಾಯಿ. ಜಜ್ಜಿದವರು, ಸಾಗಿಸಿದವರು ಹಣ ಕೇಳದೆ ಮಾಡಿಕೊಟ್ಟದ್ದರಿಂದ ಖರ್ಚು ಬಹಳ ಇಳಿಯಿತು.

ಬೆಂಗಳೂರಿನ ಇಸ್ರೋ ಪರೀಕ್ಷಾ ಕೇಂದ್ರದಲ್ಲಿ ಈ ಮಣ್ಣನ್ನು ಹಾಸಿ ಚಂದ್ರನ ನೆಲ ಮಾಡಿದರು. ಚಂದ್ರನ ಮೇಲೆ ಬೀಳುವ ಬಿಸಿಲಿನ ಪ್ರಖರತೆಗೆ ಸರಿಯಾಗಿ ಸ್ಟುಡಿಯೋ ದೀಪ ಹೊಂದಿಸಿದರು. ತೂಕದ ಸಮಸ್ಯೆಗೆ ಹೀಲಿಯಂ ಬಲೂನು! ರೋವರನ್ನು ಬಲೂನಿಗೆ ಕಟ್ಟಿ ಮೇಲಕ್ಕೆ ಎಳೆದು, ಚಕ್ರಗಳ ಮೇಲೆ ಆರರಲ್ಲಿ ಒಂದು ಪಾಲು ಭಾರ ಮಾತ್ರ ಬೀಳುವಂತೆ ಮಾಡಿದರು. ಈ ನೆಲದ ಮೇಲೆ ಓಡಿಸಿ ನೋಡಿ ಚಕ್ರಗಳನ್ನು ಮತ್ತೆ ಮತ್ತೆ ತಿದ್ದಿದರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಕುಳಿಗಳನ್ನೇ ತೋಡಿ, ಲ್ಯಾಂಡರಿನ ಸಂವೇದಕಗಳು ಅವನ್ನು ಗುರುತಿಸುತ್ತವೆಯೇ ಎಂದೂ ನೋಡಿದರು. ಮುಂದೆ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಚಂದ್ರನ ಮೇಲೆ ಸುಮಾರು ನೂರು ಮೀಟರ್ ಓಡಿ ಮಣ್ಣನ್ನು ಪರೀಕ್ಷಿಸಿತು. ಆ ಮಾಹಿತಿಯನ್ನು ವಿಶ್ಲೇಷಿಸಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಫಲಿತಾಂಶ: ಅಲ್ಲಿನದು ಅನಾರ್ತೊಸೈಟ್ ಜಾತಿಯ ಮಣ್ಣೇ. ಕಲ್ಲಿನ ಆಯ್ಕೆ ಸರಿಯಾಗಿತ್ತು.

ಅಗೆದ ಮಣ್ಣನ್ನು ಬಳಸುವುದರಲ್ಲೂ ಬೆಂಗಳೂರಿನದು ಒಂದು ಪ್ರಯೋಗವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಲೋಕ್ ಕುಮಾರ್, ಕೌಶಿಕ್ ವಿಶ್ವನಾಥನ್ ಮತ್ತು ಇಸ್ರೋ ವಿಜ್ಞಾನಿಗಳು 2020ರಲ್ಲಿ ಚಂದ್ರಮಣ್ಣಿನ ಇಟ್ಟಿಗೆ ಮಾಡುವ ವಿಧಾನ ಪ್ರಕಟಿಸಿದರು. ಕೃತಕ ಮಣ್ಣಿಗೆ ಸ್ಪೊರೊಸಾರ್ಸಿನಾ ಪಾಶ್ಚುರಿ ಎಂಬ ಬ್ಯಾಕ್ಟೀರಿಯ, ಯೂರಿಯಾ ಮತ್ತು ಕ್ಯಾಲ್ಸಿಯಂ ಸೇರಿಸುತ್ತಾರೆ. ಬ್ಯಾಕ್ಟೀರಿಯ ಯೂರಿಯಾವನ್ನು ಒಡೆಯುತ್ತದೆ. ಹೊಮ್ಮಿದ ಕಾರ್ಬೊನೇಟ್ ಕ್ಯಾಲ್ಸಿಯಂ ಜೊತೆ ಕೂಡಿ ಸುಣ್ಣಕಲ್ಲಿನ ಹರಳಾಗಿ ಕಣಗಳನ್ನು ಬೆಸೆಯುತ್ತದೆ. ಯೂರಿಯಾ ಗಗನಯಾತ್ರಿಗಳ ಮೂತ್ರದಿಂದಲೇ ಸಿಗುತ್ತದೆ. ಇಟ್ಟಿಗೆ ಬಲಿಯಲು ಹಾಕಿದ ಇನ್ನೊಂದು ವಸ್ತು ಗೋರಿಕಾಯಿ ಬೀಜದ ಅಂಟು, ನಮ್ಮ ಹೊಲಗಳಲ್ಲಿ ಬೆಳೆಯುವ ಅದೇ ಗೋರಿಕಾಯಿ. ಗಟ್ಟಿಯಾದ ಮೇಲೆ ಅದನ್ನು ಲೇತ್‌ನಲ್ಲಿ ಬೇಕಾದ ಆಕಾರಕ್ಕೆ ಕಡೆಯಬಹುದು. ಇದು ಚಂದ್ರನ ಮಾತಾಯಿತು, ಕ್ಷುದ್ರಗ್ರಹದ ಗಣಿಗಾರಿಕೆಯ ಕನಸು ಇನ್ನೂ ದೂರದ್ದು. ಬೆನ್ನು ಎಂಬ ಕ್ಷುದ್ರಗ್ರಹವನ್ನು ನಾಸಾದ ಒಸೈರಿಸ್-ರೆಕ್ಸ್ ನೌಕೆಯ ಕೈ ಮುಟ್ಟಿದಾಗ ನೆಲ ತಡೆ ಕೊಡದೆ ಅರ್ಧ ಮೀಟರ್ ಕುಸಿಯಿತು. 2023ರಲ್ಲಿ ಅಲ್ಲಿನ ಮಣ್ಣು ತುಂಬಿದ ಡಬ್ಬಿ ಭೂಮಿಗೆ ಬಂದ ಮೇಲೂ ಎರಡು ಸ್ಕ್ರೂ ಬಿಚ್ಚಲಾಗದೆ, ಹೊಸ ಉಪಕರಣ ಮಾಡಿಕೊಂಡು 2024ರ ಜನವರಿಯಲ್ಲಿ ತೆರೆದರು. ಸಿಕ್ಕಿದ್ದು 121.6 ಗ್ರಾಂ.

ಅಪೊಲೊದ ಆರು ಯಾತ್ರೆಗಳಲ್ಲಿ ಹನ್ನೆರಡು ಜನ ಚಂದ್ರನ ಮೇಲೆ ಓಡಾಡಿ ತಂದದ್ದು ಒಟ್ಟು 382 ಕೆಜಿ. ಕರಿಕಲ್ಲು ಘನಮೀಟರಿಗೆ ಸುಮಾರು ಮೂರು ಟನ್ ತೂಗುವುದರಿಂದ, ಅರ್ಧ ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ದಿಮ್ಮಿಯ ತೂಕಕ್ಕೆ ಅದು ಸಮ. ಚಂದ್ರನಿಂದ ಮಣ್ಣು ತರಲಿರುವ ಚಂದ್ರಯಾನ-4ಕ್ಕೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ 2,104 ಕೋಟಿ ರೂಪಾಯಿ ಮಂಜೂರು ಮಾಡಿದೆ. ತರುವ ಮಣ್ಣು ಕೆಲವೇ ಕೆಜಿ. ಅದರ ನಂತರದ್ದು ಜಪಾನ್ ಜೊತೆಗಿನ ಚಂದ್ರಯಾನ-5. ಇಳಿಸುವ ಲ್ಯಾಂಡರ್ ನಮ್ಮದು, ರೋವರ್ ಅವರದು. ಧ್ರುವದ ಮಣ್ಣಿನಲ್ಲಿ ನೀರು ಹುಡುಕಿ ಆ ರೋವರ್ ಕೊರೆಯಬೇಕಾಗಿರುವ ಆಳ ಒಂದೂವರೆ ಮೀಟರ್.